ಮುಂಬಾಗಿಲ ಬಣ್ಣ ಕೆಟ್ಟಿದೆಯೇ? ಡಬ್ಬಕ್ಕೆ ಕೈ ಹಾಕುವ ಮೊದಲು ರೋಗ ಹಿಡಿಯಿರಿ

ಮುಂಬಾಗಿಲಿಗೆ ಬಣ್ಣ ಹೊಡೆದು ಆಯಿತು. ಗೇಟಿನಿಂದ ನೋಡಿದರೆ ಚೆನ್ನಾಗಿಯೇ ಇದೆ. ಹತ್ತಿರ ಹೋದರೆ ಪೊರಕೆ ಎಳೆದಂಥ ಬ್ರಷ್ ಗೆರೆ, ಮೂಲೆಯಲ್ಲಿ ಇಳಿದು ನಿಂತ ಹನಿ, ಕೈ ಆಡಿಸಿದರೆ ರವೆಯಂಥ ತರಿ. ಇಲ್ಲವೇ ಮೊದಲ ವರ್ಷ ಕನ್ನಡಿಯ ಹಾಗಿದ್ದದ್ದು ಮಳೆಗಾಲ ಮುಗಿಯುವಷ್ಟರಲ್ಲಿ ಹಪ್ಪಳದಂತೆ ಎದ್ದು ಕೂತಿದೆ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: "ಇನ್ನೊಂದು ಕೋಟು ಹೊಡೆದರೆ ಸರಿಹೋಗುತ್ತೆ." ಸರಿಹೋಗಲ್ಲ. ಹಾಗೆ ಎರಡು ಸಲ ಹೊಡೆದು, ಮೂರನೇ ಸಲ ಬರೀ ಮರ ಕಾಣುವವರೆಗೆ ಕೆರೆಯುತ್ತಾ ಕೂತವನು ನಾನು.

ನಮ್ಮ ಮನೆ ಚಿಕ್ಕಮಗಳೂರಿನಲ್ಲಿ. ಬಾಗಿಲು ಹಲಸಿನ ಮರದ್ದು, ಮುಖ ಪಶ್ಚಿಮಕ್ಕೆ. ಜೂನ್ ಬಂತೆಂದರೆ ಮಳೆಯ ಎರಚಲು ನೇರ ಅದರ ಮೈಮೇಲೆ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯಲ್ಲಿ ನೆಂಟರಿರುವುದರಿಂದ ಇನ್ನೂ ಕೆಲವು ಬಾಗಿಲುಗಳ ಗತಿ ನೋಡಿದ್ದೇನೆ. ಅದರಿಂದ ಗೊತ್ತಾದದ್ದು ಇಷ್ಟು: ದೋಷ ಕಾಣುವುದು ಮೇಲಿನ ಕೋಟಿನಲ್ಲಿ, ಹುಟ್ಟಿರುವುದು ಸಾಮಾನ್ಯವಾಗಿ ಅದರ ಕೆಳಗೆ.

ಮೊದಲ ಪ್ರಶ್ನೆ: ಯಾವಾಗ ಕಂಡಿತು?

ಹೊಡೆಯುತ್ತಿರುವಾಗಲೇ ಕಂಡಿದ್ದರೆ ತಪ್ಪು ಕೈಯಲ್ಲಿ, ಬ್ರಷ್‌ನಲ್ಲಿ, ಇಲ್ಲವೇ ಗಾಳಿಯ ಧೂಳಿನಲ್ಲಿ ಇದೆ. ಗೆರೆ, ಇಳಿದ ಹನಿ, ತರಿ ಎಲ್ಲ ಈ ಗುಂಪು. ಮಾರನೇ ದಿನ ಕಂಡಿದ್ದರೆ, ಅಂದರೆ ಹೊಳಪು ಸತ್ತಿದೆ, ಅಂಟಂಟಾಗಿದೆ, ಸುಕ್ಕು ಬಂದಿದೆ ಅಂದರೆ, ಹವೆ ಮತ್ತು ಒಣಗಲು ಕೊಟ್ಟ ಸಮಯವನ್ನು ಅನುಮಾನಿಸಿ. ಒಂದು ಮಳೆಗಾಲ ಕಳೆದ ಮೇಲೆ ಕಂಡಿದ್ದರೆ ನೀರು ಒಳಗೆ ಹೋಗುವ ದಾರಿ ಎಲ್ಲೋ ಇದೆ, ಅಥವಾ ತಳದ ತಯಾರಿ ಸರಿಯಿಲ್ಲ.

ಎರಡನೇ ಪ್ರಶ್ನೆ: ಮನೆ ಎಲ್ಲಿದೆ? ಒಂದೇ ಜಿಲ್ಲೆಯಲ್ಲಿ ಮೂಡಿಗೆರೆಯೂ ಇದೆ, ಕಡೂರೂ ಇದೆ. ಹಾಸನದ ಕಡೆ ಸಕಲೇಶಪುರವೂ ಇದೆ, ಅರಸೀಕೆರೆಯೂ ಇದೆ. ಮಲೆನಾಡಿನ ಬಾಗಿಲು ತೇವದಿಂದ ಕೆಡುತ್ತದೆ. ಬಯಲುಸೀಮೆಯ ಬಾಗಿಲು ಬಿಸಿಲಿನಿಂದ ಕೆಡುತ್ತದೆ. ಕಡೂರಿನ ಪೇಂಟರ್ ಹೇಳಿದ ಮದ್ದನ್ನು ಮೂಡಿಗೆರೆಯಲ್ಲಿ ಹಚ್ಚಿದರೆ ಅದು ಅವನ ತಪ್ಪಲ್ಲ.

ಪರೀಕ್ಷೆಗೆ ದೊಡ್ಡ ಸಾಮಾನೇನೂ ಬೇಡ. ಟಾರ್ಚ್, ಬ್ಲೇಡು, ಸೆಲ್ಲೋ ಟೇಪ್, ಒಂದು ನಾಣ್ಯ, ಹಳೇ ಬನಿಯನ್ ಬಟ್ಟೆ, ಅಡುಗೆಮನೆಯಿಂದ ಚಿಟಿಕೆ ಅರಿಶಿನ. ಅರಿಶಿನ ಯಾಕೆ ಅಂತ ಮುಂದೆ ಹೇಳುತ್ತೇನೆ.

ಗುಳ್ಳೆ ಎದ್ದಿದ್ದರೆ ಒಂದನ್ನು ಕುಯ್ದು ನೋಡಿ

ಗುಳ್ಳೆಯನ್ನು ಹೊರಗಿನಿಂದ ನೋಡಿ ಏನೂ ಹೇಳಲು ಬರುವುದಿಲ್ಲ. ನಾನು ಕುಯ್ದದ್ದು ಒಂದು ಜುಲೈ ತಿಂಗಳಲ್ಲಿ. ಬಾಗಿಲ ಕೆಳಗಿನ ಒಂದಡಿಯಲ್ಲಿ ಮಾತ್ರ ಗುಳ್ಳೆಗಳಿದ್ದವು, ಕೆಲವು ಅವರೆಕಾಳಿನಷ್ಟು, ಒಂದೆರಡು ಅಡಿಕೆಯಷ್ಟು. ದೊಡ್ಡದೊಂದಕ್ಕೆ ಬ್ಲೇಡಿನ ಮೂಲೆ ತಾಗಿಸಿದೆ. ಕಾಫಿ ಡಿಕಾಕ್ಷನ್ ಬಣ್ಣದ ಒಂದು ಹನಿ ನೀರು ಹೊರಗೆ ಬಂದು, ಬಾಗಿಲ ಮೇಲೆ ನಿಧಾನವಾಗಿ ಇಳಿಯಿತು. ಚಕ್ಕೆ ಎತ್ತಿದರೆ ಅದರ ಬೆನ್ನಿಗೆ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಹಚ್ಚುವ ತಳದ ಕೋಟು, ಅಂಟಿಕೊಂಡಿತ್ತು. ಕೆಳಗೆ ಬರೀ ಮರ, ಅದೂ ಕಪ್ಪಾದ ಮರ.

ಇದರ ಅರ್ಥ ಸ್ಪಷ್ಟ. ನೀರು ಮುಂದಿನಿಂದ ಬಂದಿಲ್ಲ, ಮರದ ಒಳಗಿನಿಂದ ಬಂದು ಬಣ್ಣವನ್ನು ತಳ್ಳಿದೆ. ಹಾಗಾದರೆ ಮರಕ್ಕೆ ನೀರು ಎಲ್ಲಿಂದ ಬಂತು? ಅಕ್ಟೋಬರ್‌ನಲ್ಲಿ ಹಿಂಜಸ್ ಬಿಚ್ಚಿ ಬಾಗಿಲನ್ನು ಅಡ್ಡ ಮಲಗಿಸಿದಾಗ ಉತ್ತರ ಸಿಕ್ಕಿತು. ಕೆಳಗಿನ ಅಂಚಿಗೆ ಯಾರೂ ಬಣ್ಣವನ್ನೇ ಹೊಡೆದಿರಲಿಲ್ಲ. ಬಡಗಿ ಪೆನ್ಸಿಲ್‌ನಲ್ಲಿ ಬರೆದ ಅಳತೆ ಇನ್ನೂ ಹಾಗೇ ಓದಲು ಬರುತ್ತಿತ್ತು. ಬಾಗಿಲಿನ ಉದ್ದ ಪಟ್ಟಿಗಳ ತುದಿ ಅಲ್ಲಿ ಕೆಳಮುಖವಾಗಿ ತೆರೆದುಕೊಂಡಿರುತ್ತದೆ. ಮರದ ನಾರು ಕಡಿದ ತುದಿ ನೀರನ್ನು ಹೀರುವಷ್ಟು ಅದರ ಬದಿ ಹೀರುವುದಿಲ್ಲ. ಮಳೆ ನೀರು ಹೊಸ್ತಿಲ ಮೇಲೆ ನಿಂತಾಗಲೆಲ್ಲ ಬಾಗಿಲು ಅದನ್ನು ಕುಡಿದಿದೆ.

ಮಳೆ ಕಡಿಮೆ ಇರುವ ಊರಲ್ಲೂ ಇದೇ ಗುಳ್ಳೆ ಬರುವುದನ್ನು ನೋಡಿದ್ದೇನೆ. ಅಲ್ಲಿ ಕಾರಣ ಬೆಳಗಿನ ಬಕೆಟ್. ದಿನಾ ಹೊಸ್ತಿಲು ತೊಳೆದು ರಂಗೋಲಿ ಹಾಕುತ್ತೇವಲ್ಲ, ಆ ನೀರು ಸಾಕು. ವರ್ಷಕ್ಕೆ 365 ದಿನದ ಮಳೆ ಅದು.

ಮದ್ದು: ಬಾಗಿಲು ಒಣಗುವವರೆಗೆ ಮುಟ್ಟಬೇಡಿ. ಒಣಗಿದೆಯಾ ಅಂತ ತಿಳಿಯಲು ನಾಣ್ಯ ಬೇಕು. ಮಳೆಗಾಲದಲ್ಲಿ ಉಬ್ಬಿದ ಬಾಗಿಲು ದಾರಂದಕ್ಕೆ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ, ನಾಣ್ಯ ಸಂದಿಯಲ್ಲಿ ಹೋಗುವುದಿಲ್ಲ. ಚಳಿಗಾಲ ಕಳೆದು ಅದೇ ನಾಣ್ಯ ಮೇಲಿನಿಂದ ಕೆಳಗಿನವರೆಗೆ ಸಲೀಸಾಗಿ ಜಾರಿದರೆ ಮರ ಆರಿದೆ ಅಂತ ಲೆಕ್ಕ. ಮರದ ಕೆಲಸದವರ ಹತ್ತಿರ ತೇವ ಅಳೆಯುವ ಮೀಟರ್ ಇದ್ದರೆ ಇನ್ನೂ ಒಳ್ಳೆಯದು, ಶೇಕಡಾ 15ಕ್ಕಿಂತ ಕೆಳಗೆ ಬರಬೇಕು. ಆಮೇಲೆ ಗುಳ್ಳೆ ಇದ್ದ ಜಾಗವನ್ನು ಪೂರ್ತಿ ಕೆರೆದು, ಕೆಳ ಅಂಚು ಮತ್ತು ಮೇಲಿನ ಅಂಚು ಎರಡಕ್ಕೂ ಪ್ರೈಮರ್ ಎರಡು ಸಲ, ಎನಾಮಲ್ (ಹೊಳಪಿನ ಎಣ್ಣೆ ಬಣ್ಣ) ಎರಡು ಸಲ. ಮೇಲಿನ ಅಂಚು ಯಾರಿಗೂ ಕಾಣಲ್ಲ ಅಂತ ಬಿಡುತ್ತಾರೆ. ಮಂಜು ಅಲ್ಲೂ ಕೂರುತ್ತದೆ.

ಕುಯ್ದ ಗುಳ್ಳೆಯ ಕೆಳಗೆ ಮರದ ಬದಲು ಹಳೇ ಬಣ್ಣ ಕಂಡರೆ, ಅದೂ ಒಣಗಿದ್ದರೆ, ಕಥೆ ಬೇರೆ. ಬಿಸಿಲು ಬೀಳುವ ಭಾಗದಲ್ಲಿ ಮಾತ್ರ ಇದೆಯಾ ನೋಡಿ. ಕಡು ಕಂದು, ಕಪ್ಪು, ಕಡು ಹಸಿರು ಬಣ್ಣ ಬಿಸಿಲಿಗೆ ಜಾಸ್ತಿ ಕಾಯುತ್ತದೆ. ಅಂಥ ಬಾಗಿಲಿಗೆ ಮಟಮಟ ಮಧ್ಯಾಹ್ನ ಹೊಡೆದರೆ ಮೇಲ್ಪದರ ಬೇಗ ಬಿಗಿದು ಬಣ್ಣ ತೆಳುವಾಗಿಸಲು ಸೇರಿಸಿದ ಟರ್ಪೆಂಟೈನ್ ಒಳಗಿನಿಂದ ಹೊರಬರಲು ಆಗದೆ ಉಬ್ಬುತ್ತದೆ. ಇದಕ್ಕೆ ಬಾಗಿಲು ಬಿಚ್ಚುವುದು ಬೇಡ. ಅಷ್ಟು ಜಾಗ ಉಜ್ಜಿ, ನೆರಳು ಬಂದ ಮೇಲೆ ತೆಳುವಾಗಿ ಹೊಡೆದರೆ ಆಯಿತು.

ಹಾಳೆ ಹಾಳೆಯಾಗಿ ಏಳುತ್ತಿದ್ದರೆ

ಬ್ಲೇಡಿನಲ್ಲಿ ಬಣ್ಣದ ಮೇಲೆ ಗುಣಾಕಾರದ ಗುರುತು ಹಾಕಿ, ಟೇಪ್ ಅಂಟಿಸಿ ಉಗುರಿನಿಂದ ಉಜ್ಜಿ, ಒಂದೇ ಏಟಿಗೆ ಎಳೆಯಿರಿ. ಟೇಪಿಗೆ ಏನೂ ಅಂಟದಿದ್ದರೆ ತಳ ಗಟ್ಟಿ ಇದೆ, ಮೇಲೆ ಹೊಡೆಯಬಹುದು. ಮೇಲಿನ ಬಣ್ಣ ಮಾತ್ರ ಬಂದು ಕೆಳಗೆ ಹಳೇ ಹೊಳಪು ಕಂಡರೆ, ಹಿಂದಿನವರು ಹಳೇ ಎನಾಮಲ್ಲಿನ ಹೊಳಪು ತೆಗೆಯದೆ ಹೊಡೆದಿದ್ದಾರೆ. ಹೊಸ ಬಣ್ಣಕ್ಕೆ ಹಿಡಿತ ಬೇಕು. 220 ನಂಬರಿನ ಸ್ಯಾಂಡ್‌ಪೇಪರ್‌ನಲ್ಲಿ ಮೈಯೆಲ್ಲ ಮಂಕಾಗುವವರೆಗೆ ಉಜ್ಜದೆ ಬೇರೆ ದಾರಿಯಿಲ್ಲ.

ಟೇಪಿನ ಜೊತೆ ಬಿಳಿ ಪುಡಿ ಬಂದರೆ ಅರಿಶಿನ ತನ್ನಿ. ಪುಡಿಯನ್ನು ತಟ್ಟೆಗೆ ಉದುರಿಸಿ, ಎರಡು ಹನಿ ನೀರು, ಚಿಟಿಕೆ ಅರಿಶಿನ ಕಲಸಿ. ಆರತಿ ನೀರಿನ ಹಾಗೆ ಗಾಢ ಕೆಂಪಾದರೆ ಅದು ಗೋಡೆಗೆ ಹಾಕುವ ಬಿಳಿ ಸಿಮೆಂಟ್ ಪುಟ್ಟಿ. ಅರಿಶಿನಕ್ಕೆ ಸುಣ್ಣ ಸೇರಿಸಿದರೆ ಕೆಂಪಾಗುತ್ತದಲ್ಲ, ಅದೇ ಆಟ. ಪುಟ್ಟಿ ಹಳೆಯದಾಗಿದ್ದರೆ ಅದರ ಕ್ಷಾರ ಇಳಿದುಹೋಗಿ ಅಷ್ಟು ಕೆಂಪಾಗದೆ ಇರಬಹುದು, ಹಾಗಾಗಿ ಹಳದಿ ಉಳಿದರೆ ಅಲ್ಲ ಅಂತ ತೀರ್ಮಾನಿಸಬೇಡಿ.

ನಮ್ಮ ಬಾಗಿಲಿಗೆ ಹೀಗೆ ಆಗಿತ್ತು. ಗೋಡೆ ಕೆಲಸಕ್ಕೆ ಬಂದಿದ್ದ ಮೇಸ್ತ್ರಿ, ಉಳಿದ ಪುಟ್ಟಿ ಸುಮ್ನೆ ಹಾಳಾಗುತ್ತಲ್ಲ ಅಂತ ಬಾಗಿಲಿಗೆ ಎಳೆದುಬಿಟ್ಟಿದ್ದ. ಹೊಡೆದ ದಿನ ಗಾಜಿನ ಹಾಗೆ ನುಣುಪು. ಆದರೆ ಗೋಡೆ ಅಲ್ಲಾಡುವುದಿಲ್ಲ, ಮರ ಪ್ರತಿ ವರ್ಷ ಉಬ್ಬಿ ಕುಗ್ಗುತ್ತದೆ. ಸಿಮೆಂಟ್ ಅದರ ಜೊತೆ ಬರುವುದಿಲ್ಲ, ಬಿರಿಯುತ್ತದೆ. ಸಾಲದ್ದಕ್ಕೆ ಸಿಮೆಂಟಿನ ಕ್ಷಾರಕ್ಕೆ ತೇವ ಸೇರಿದಾಗ ಅದು ಎನಾಮಲ್ಲಿನ ಎಣ್ಣೆ ಅಂಶವನ್ನು ಸೋಪಿನಂತೆ ಮಾಡಿಬಿಡುತ್ತದೆ. ಇದಕ್ಕೆ ರಿಪೇರಿ ಇಲ್ಲ, ಅಷ್ಟೂ ಕೆರೆಯಲೇಬೇಕು. ಮರಕ್ಕೆ ಮರದ ಪುಟ್ಟಿಯೇ ಬೇಕು, ಅದೂ ಪ್ರೈಮರ್ ಆದ ಮೇಲೆ, ಗುಳಿ ಬಿದ್ದ ಕಡೆ ಮಾತ್ರ.

ಕೆರೆಯುವ ಮುನ್ನ ಒಂದು ಎಚ್ಚರಿಕೆ. ನಮ್ಮ ದೇಶದಲ್ಲಿ ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ, ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೇ ಪದರಗಳಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರು ಬಣ್ಣಗಳಲ್ಲಿ, ಸೀಸ ಇರುವ ಸಾಧ್ಯತೆ ಜಾಸ್ತಿ. ಒಣ ಉಜ್ಜಬೇಡಿ. ವಾಟರ್ ಪೇಪರ್ ತಂದು ನೀರು ಹಾಕಿ ಉಜ್ಜಿ, ಮಾಸ್ಕ್ ಹಾಕಿ, ಮಕ್ಕಳನ್ನು, ಬಸುರಿಯರನ್ನು ಆ ಕಡೆ ಬಿಡಬೇಡಿ. ಗ್ಯಾಸ್ ಬರ್ನರ್‌ನಲ್ಲಿ ಸುಡುವುದಂತೂ ಬೇಡವೇ ಬೇಡ.

ವಾರವಾದರೂ ಅಂಟಂಟು

ಎನಾಮಲ್ ಒಣಗುವುದು ಎರಡು ಹಂತದಲ್ಲಿ. ಮೊದಲು ಟರ್ಪೆಂಟೈನ್ ಆರಿಹೋಗುತ್ತದೆ, ಅದು ಕೆಲವು ಗಂಟೆಯ ಮಾತು. ಆಮೇಲೆ ಎಣ್ಣೆ ಅಂಶ ಗಾಳಿಯ ಆಮ್ಲಜನಕ ಹಿಡಿದು ಗಟ್ಟಿಯಾಗುತ್ತದೆ, ಅದಕ್ಕೆ ದಿನಗಳು ಬೇಕು. ಚಳಿ ಮತ್ತು ತೇವ ಎರಡನೇ ಹಂತವನ್ನು ಎಳೆಯುತ್ತಾ ಹೋಗುತ್ತವೆ. ಡಬ್ಬದ ಮೇಲಿನ ಗಂಟೆಗಳ ಲೆಕ್ಕ ಜುಲೈ ತಿಂಗಳ ಸಕಲೇಶಪುರವನ್ನು ನೋಡಿ ಬರೆದದ್ದಲ್ಲ.

ಆದರೆ ಒಳ್ಳೆ ಬಿಸಿಲಲ್ಲೂ ಒಣಗದಿದ್ದರೆ? ಮೂಡಿಗೆರೆಯ ದೊಡ್ಡಮ್ಮನ ಮನೆ ಬಾಗಿಲು ಹಾಗೆ ಮಾಡಿತು. ಫೆಬ್ರವರಿ ತಿಂಗಳು, ಒಳ್ಳೆ ಬಣ್ಣ, ಹೊಸ ಪ್ರೈಮರ್. ಹೊಡೆಯುವಾಗಲೇ ಅಲ್ಲಲ್ಲಿ ಬಣ್ಣ ಸರಿದು ಮೀನಿನ ಕಣ್ಣಿನಂಥ ಗುಂಡಿ ಬಿಡುತ್ತಿತ್ತು. ಎಂಟು ದಿನವಾದರೂ ಬೆರಳು ಇಟ್ಟರೆ ಗುರುತು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ದೊಡ್ಡಮ್ಮ ಹೇಳಿದರು:

"ಆ ಬಾಗಿಲಿಗೆ ನಿಮ್ಮ ದೊಡ್ಡಪ್ಪ ವರ್ಷಾ ವರ್ಷಾ ಗೇರೆಣ್ಣೆ ಬಳೀತಿದ್ರಲ್ಲೋ. ಗೆದ್ದಲು ಹಿಡಿಯಲ್ಲ ಅಂತ."

"ಮೊದ್ಲೇ ಹೇಳಬಾರ್ದಿತ್ತಾ ದೊಡ್ಡಮ್ಮ?"

"ನೀನು ಕೇಳಿದ್ಯಾ?"

ಗೇರುಬೀಜದ ಸಿಪ್ಪೆ ಎಣ್ಣೆಯಲ್ಲಿರುವ ಅಂಶವೇ ಎನಾಮಲ್ ಗಟ್ಟಿಯಾಗುವುದನ್ನು ತಡೆಯುತ್ತದೆ. ತೇಗ, ಬೀಟೆ ಮರದ ಸಹಜ ಎಣ್ಣೆಯೂ ಸ್ವಲ್ಪ ಮಟ್ಟಿಗೆ ಇದೇ ತಂಟೆ ಮಾಡುತ್ತದೆ. ಹೊಸ್ತಿಲ ಹತ್ತಿರ ದೀಪದ ಎಣ್ಣೆ, ಚಿಲಕಕ್ಕೆ ಬಿಟ್ಟ ಹರಳೆಣ್ಣೆ, ಇವೂ ಸಣ್ಣ ಸಣ್ಣ ಜಾಗದಲ್ಲಿ ಗುಂಡಿ ಬಿಡಿಸುತ್ತವೆ. ಪರೀಕ್ಷೆ ಸುಲಭ: ಉಜ್ಜಿದ ಮರದ ಮೇಲೆ ಒಂದು ಹನಿ ನೀರು ಬಿಡಿ. ಹೀರಿಕೊಂಡರೆ ಸರಿ. ಕೆಸುವಿನ ಎಲೆ ಮೇಲಿನ ಹನಿಯಂತೆ ನಿಂತರೆ ಎಣ್ಣೆ ಇದೆ.

ಒಣಗದ ಬಣ್ಣವನ್ನು ಕೆರೆದು ತೆಗೆದು, ಟರ್ಪೆಂಟೈನ್ ಅದ್ದಿದ ಬಟ್ಟೆಯಲ್ಲಿ ಒರೆಸಿ. ಪ್ರತಿ ಸಲ ಹೊಸ ಬಟ್ಟೆ, ಇಲ್ಲದಿದ್ದರೆ ಎಣ್ಣೆಯನ್ನು ಇಲ್ಲಿಂದ ಅಲ್ಲಿಗೆ ಸಾಗಿಸಿದ ಹಾಗೆ. ಒಣಗಿದ ಮೇಲೆ ಅರಗಿನ ಪಾಲಿಶ್ ಒಂದು ತೆಳು ಕೋಟು ಕೊಟ್ಟರೆ ಎಣ್ಣೆ ಮೇಲೆ ಬರದಂತೆ ತಡೆ ಆಗುತ್ತದೆ. ಅದರ ಮೇಲೆ ಪ್ರೈಮರ್. ಹೊನ್ನೆ ಮರದ ಕೆಂಪು ಬಿಳಿ ಬಣ್ಣದ ಮೂಲಕ ಇಣುಕುತ್ತಿದ್ದರೂ ಇದೇ ಮದ್ದು. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಎಣ್ಣೆ ಬಟ್ಟೆ ತನ್ನಷ್ಟಕ್ಕೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ.

ದೊಡ್ಡಮ್ಮನ ಬಾಗಿಲಿಗೆ ನಾವು ಇದೇನನ್ನೂ ಮಾಡಲಿಲ್ಲ. ಬಣ್ಣ ಪೂರ್ತಿ ಕೆರೆದು ಮತ್ತೆ ಎಣ್ಣೆಯನ್ನೇ ಬಳಿದೆವು. ಅಂಥ ಬಾಗಿಲಿಗೆ ಅದೇ ಚೆಂದ ಅಂತ ನನಗೀಗ ಅನಿಸುತ್ತದೆ.

ಹೊಳಪು ರಾತ್ರೋರಾತ್ರಿ ಸತ್ತಿದೆ, ಅಥವಾ ಸುಕ್ಕು ಬಂದಿದೆ

ದೀಪಾವಳಿ ಮುಗಿದ ಮೇಲೆ ಮಳೆ ನಿಂತಿತು ಅಂತ ಬ್ರಷ್ ಹಿಡಿಯುತ್ತೇವೆ. ಹಗಲು ಒಳ್ಳೆ ಬಿಸಿಲು. ಸಂಜೆ ನಾಲ್ಕಕ್ಕೆ ಮುಗಿಸಿ, ಹೊಳೆಯುವ ಬಾಗಿಲು ನೋಡಿ ಮಲಗುತ್ತೇವೆ. ಬೆಳಗ್ಗೆ ಎದ್ದರೆ ಅದು ಉಸಿರು ಬಿಟ್ಟ ಕನ್ನಡಿಯ ಹಾಗೆ ಮಂಕು. ಇಬ್ಬನಿಯ ಕೆಲಸ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ನಮ್ಮಲ್ಲಿ ರಾತ್ರಿ ಬೀಳುವ ಮಂಜು ಅರೆ ಒಣಗಿದ ಬಣ್ಣದ ಮೇಲೆ ಕೂತರೆ ಹೊಳಪು ಹೋಗುತ್ತದೆ. ಬಾಗಿಲ ಒಳಮುಖಕ್ಕೆ ಅದೇ ಡಬ್ಬದ ಬಣ್ಣ ಹೊಡೆದಿದ್ದು, ಅದು ಮಾತ್ರ ಹೊಳೆಯುತ್ತಿದ್ದರೆ ಇಬ್ಬನಿಯೇ ಅಂತ ಖಚಿತ.

ಪೂರ್ತಿ ಗಟ್ಟಿಯಾದ ಮೇಲೆ 400ರ ವಾಟರ್ ಪೇಪರ್‌ನಲ್ಲಿ ಹಗುರವಾಗಿ ಉಜ್ಜಿ, ಇನ್ನೊಂದು ಕೋಟು ಕೊಡಿ. ಇಲ್ಲಿ ಮಾತ್ರ ಇನ್ನೊಂದು ಕೋಟು ನಿಜವಾದ ಮದ್ದು. ಬೆಳಗ್ಗೆ ಹತ್ತಕ್ಕೆ ಮಂಜು ಆರಿದ ಮೇಲೆ ಶುರು ಮಾಡಿ, ಮಧ್ಯಾಹ್ನ ಒಂದರೊಳಗೆ ಮುಗಿಸಿ. ನನ್ನ ಲೆಕ್ಕದಲ್ಲಿ ಜನವರಿ ಕೊನೆಯಿಂದ ಕಾಫಿ ಹೂ ಅರಳಿಸುವ ಹೂಮಳೆ ಬರುವವರೆಗಿನ ದಿನಗಳು ನಮ್ಮ ಕಡೆ ಬಾಗಿಲ ಕೆಲಸಕ್ಕೆ ಬಲು ಒಳ್ಳೆಯವು.

ಸುಕ್ಕು ಬಂದಿದ್ದರೆ ಒಂದೋ ದಪ್ಪ ಹೊಡೆದಿದ್ದೀರಿ, ಇಲ್ಲವೇ ಮೊದಲ ಕೋಟು ಆರುವ ಮೊದಲು ಎರಡನೆಯದು ಕೊಟ್ಟಿದ್ದೀರಿ. ಹಾಲಿನ ಕೆನೆ ಹಾಗೆ ಮೇಲೆ ಬಿಗಿದು ಒಳಗೆ ಹಸಿ ಉಳಿದಿರುತ್ತದೆ. ಉಜ್ಜಿ ಸಮ ಮಾಡಲು ಹೋದರೆ ಸ್ಯಾಂಡ್‌ಪೇಪರ್ ಅಂಟುತ್ತದೆ. ಕೆರೆದು ತೆಗೆಯಿರಿ.

ಗೆರೆ, ಹನಿ, ತರಿ

ರಾತ್ರಿ ದೀಪ ಆರಿಸಿ, ಟಾರ್ಚನ್ನು ಬಾಗಿಲಿಗೆ ತಾಗುವಂತೆ ಪಕ್ಕದಿಂದ ಹಿಡಿಯಿರಿ. ಹಗಲಲ್ಲಿ ಕಾಣದ್ದೆಲ್ಲ ಬೆಟ್ಟ ಕಣಿವೆಯಾಗಿ ಎದ್ದು ನಿಲ್ಲುತ್ತದೆ. ಈ ಪರೀಕ್ಷೆಯನ್ನು ಪ್ರೈಮರ್ ಆದ ಮೇಲೆ ಮಾಡಬೇಕು, ಕೊನೆ ಕೋಟಿನ ಮೇಲೆ ಮಾಡಿ ಬೇಸರಪಟ್ಟು ಏನು ಉಪಯೋಗ ಅಲ್ವಾ?

ಗೆರೆ ಮೇಲಿನಿಂದ ಕೆಳಗೆ ಒಂದೇ ಸಮ ಇದ್ದರೆ ಬಣ್ಣ ಗಟ್ಟಿ ಇತ್ತು. ಲೀಟರಿಗೆ 50ರಿಂದ 100 ಮಿ.ಲೀ. ಟರ್ಪೆಂಟೈನ್ ಸಾಕಾಗುತ್ತದೆ, ಡಬ್ಬದ ಮೇಲೆ ಬೇರೆ ಅಳತೆ ಇದ್ದರೆ ಅದೇ ಸರಿ. ಗೆರೆ ಅಡ್ಡಾದಿಡ್ಡಿ ಇದ್ದರೆ ಬಣ್ಣ ಬಿಗಿಯಲು ಶುರುವಾದ ಮೇಲೂ ಬ್ರಷ್ ಆಡಿಸಿದ್ದೀರಿ. ಬಣ್ಣ ಹಚ್ಚಿ, ಅಡ್ಡ ಹರಡಿ, ಕೊನೆಗೆ ಬ್ರಷ್‌ನ ತುದಿಯಿಂದ ಮರದ ನಾರಿನ ದಿಕ್ಕಿಗೆ ಒಮ್ಮೆ ಎಳೆದು ಕೈ ಬಿಟ್ಟುಬಿಡಿ. ಉಳಿದ ಗೆರೆ ತಾನೇ ಕೂಡಿಕೊಳ್ಳುತ್ತದೆ. ತಿರುಗಿ ಹೋಗಿ ಒಂದು ಚೂರು ಸರಿಮಾಡುವ ಆಸೆಯೇ ಮುಕ್ಕಾಲು ಗೆರೆಗಳ ಕಾರಣ.

ಸಾಧ್ಯವಿದ್ದರೆ ಬಾಗಿಲು ಬಿಚ್ಚಿ ಎರಡು ಸ್ಟೂಲಿನ ಮೇಲೆ ಮಲಗಿಸಿ ಹೊಡೆಯಿರಿ. ಮಲಗಿದ ಬಾಗಿಲಲ್ಲಿ ಬಣ್ಣ ಇಳಿಯುವುದಿಲ್ಲ. ಸಣ್ಣ ಫೋಮ್ ರೋಲರ್‌ನಲ್ಲಿ ಹಚ್ಚಿ ಬ್ರಷ್ ತುದಿ ಎಳೆದರೆ ಇನ್ನೂ ನುಣುಪು. ಇಳಿದು ಗಟ್ಟಿಯಾದ ಹನಿ ಇದ್ದರೆ ಒಂದು ವಾರ ಬಿಟ್ಟು ಬ್ಲೇಡಿನಲ್ಲಿ ಸವರಿ, 320ರಲ್ಲಿ ಉಜ್ಜಿ.

ತರಿಗೆ ಮೊದಲು ಡಬ್ಬ ನೋಡಿ. ಹಳೇ ಡಬ್ಬದ ಕೆನೆ ಒಡೆದು ಕಲಸಿದ್ದರೆ ತರಿ ಅಲ್ಲಿಂದ ಬಂದಿದೆ, ತೆಳು ಬಟ್ಟೆಯಲ್ಲಿ ಸೋಸಬೇಕಿತ್ತು. ತರಿ ಬಾಗಿಲ ಕೆಳಭಾಗದಲ್ಲಿ ಮಾತ್ರ ಇದ್ದರೆ ನೆಲದ ಧೂಳು. ಮುಂದಿನ ಸಲ ಅಂಗಳಕ್ಕೆ ನೀರು ಚಿಮುಕಿಸಿ. ಕಾಫಿ ಕಣದ ಪಕ್ಕದ ಮನೆಯಾದರೆ ಕಣದಲ್ಲಿ ಬೀಜ ಎಳೆಯದ ದಿನ ನೋಡಿಕೊಂಡು ಬ್ರಷ್ ಹಿಡಿಯಿರಿ.

ಕೆಲವು ದೋಷಗಳಂತೆ ಕಾಣುತ್ತವೆ, ಅಷ್ಟೆ

ಬೇಸಿಗೆಯಲ್ಲಿ ಹಲಗೆ ಮತ್ತು ಪಟ್ಟಿ ಸೇರುವ ಕಡೆ ಬಣ್ಣವಿಲ್ಲದ ಸಣ್ಣ ಗೆರೆ ಕಾಣಿಸಿದರೆ ಗಾಬರಿ ಬೇಡ. ನಡುವಿನ ಹಲಗೆ ಪಟ್ಟಿಯಲ್ಲಿ ಕೊರೆದ ಸೀಳಿನಲ್ಲಿ ಸಡಿಲವಾಗಿ ಕೂತಿರುತ್ತದೆ, ಒಣಗಿದಾಗ ಕುಗ್ಗುತ್ತದೆ. ಅಲ್ಲಿ ಪುಟ್ಟಿ ತುಂಬಿದರೆ ಮಳೆಗಾಲದಲ್ಲಿ ಹಲಗೆಗೆ ಉಬ್ಬಲು ಜಾಗವಿಲ್ಲದೆ ಬಾಗಿಲೇ ಸೊಟ್ಟಗಾಗಬಹುದು. ಆ ಗೆರೆಗೆ ಸುಮ್ನೆ ಬಣ್ಣ ಮುಟ್ಟಿಸಿ.

ಕಪ್ಪು ಚುಕ್ಕೆ ಕಂಡರೆ ಬ್ಲೀಚಿಂಗ್ ಪೌಡರ್ ನೀರು ಒಂದು ಹನಿ ಹಾಕಿ ಐದು ನಿಮಿಷ ಕಾಯಿರಿ. ಮಾಯವಾದರೆ ಬೂಷ್ಟು, ಉಳಿದರೆ ಕೊಳೆ. ಬೂಷ್ಟಿನ ಮೇಲೆ ಬಣ್ಣ ಹೊಡೆದರೆ ಅದು ಮತ್ತೆ ಹೊರಗೆ ಬರುತ್ತದೆ. ಅದೇ ನೀರಲ್ಲಿ ತೊಳೆದು ಒಣಗಿಸಿಯೇ ಮುಂದೆ ಹೋಗಿ. ಆ ನೀರಿಗೆ ಬಾತ್‌ರೂಮ್ ತೊಳೆಯುವ ಆಸಿಡ್ ಮಾತ್ರ ಸೇರಿಸಬೇಡಿ, ವಿಷಗಾಳಿ ಏಳುತ್ತದೆ.

ಬಾಗಿಲು ದಾರಂದಕ್ಕೆ ಅಂಟಿಕೊಂಡು, ಬೆಳಗ್ಗೆ ತೆಗೆಯುವಾಗ ಚರ್ರೆಂದು ಅಂಚಿನ ಬಣ್ಣ ಕಿತ್ತು ಬಂದರೆ ಬಣ್ಣದ ತಪ್ಪಿಲ್ಲ. ಮೇಲೆ ಒಣಗಿದ್ದರೂ ಒತ್ತಡ ತಡೆಯುವಷ್ಟು ಗಟ್ಟಿಯಾಗಲು ವಾರ ಬೇಕು. ಮುಂಬಾಗಿಲನ್ನು ರಾತ್ರಿ ತೆರೆದಿಡಲು ಆಗುತ್ತದೆಯೇ? ಆಗಲ್ಲ. ಅದಕ್ಕೆ ಅಂಚುಗಳನ್ನು ಬೆಳಗ್ಗೆ ಮೊದಲೇ ತೆಳುವಾಗಿ ಹೊಡೆದು, ರಾತ್ರಿ ಮುಚ್ಚುವಾಗ ಬಟರ್ ಪೇಪರ್ ಪಟ್ಟಿ ನಡುವೆ ಇಡಿ. ಎರಡನೇ ದಿನದಿಂದ ಅಂಚಿಗೆ ಸ್ವಲ್ಪ ಟಾಲ್ಕಂ ಪೌಡರ್ ಸವರಿದರೆ ಸಾಕು.

ಕೊನೆಗೆ ತಲೆ ಎತ್ತಿ ದಾರಂದದ ಮೇಲ್ಭಾಗ ನೋಡಿ. ಹಬ್ಬಹಬ್ಬಕ್ಕೂ ತೋರಣಕ್ಕೆ ಹೊಡೆದ ಮೊಳೆಗಳ ತೂತು ಸಾಲಾಗಿ ಕಾಣುತ್ತವೆ. ನಮ್ಮಲ್ಲಿ ಹದಿನೇಳು ಇದ್ದವು. ಒಂದೊಂದರ ಸುತ್ತಲೂ ನಾಣ್ಯದಷ್ಟು ಬಣ್ಣ ಎದ್ದಿತ್ತು. ಅಷ್ಟಕ್ಕೂ ಮರದ ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಮುಟ್ಟಿಸಿ, ಆಚೆ ಈಚೆ ಗೋಡೆಯಲ್ಲಿ ಎರಡು ಕೊಕ್ಕೆ ಹಾಕಿದ್ದೇವೆ. ಈಗ ಮಾವಿನ ಎಲೆ ಅದಕ್ಕೇ ಕಟ್ಟುವುದು.